ಕೊನೆಯ ತಿರುಪು

ಹಿಲ್ಡಾ ಚಹಾ ಹಿಡಿದು ಷೆಡ್ಡಿಗೆ ಮರಳಿದಾಗ ಗಂಡ ಮೆಲ್ವಿನ್ ಕಾರ್ಬ್ಯುರೇಟರಿನ ಕೊನೆಯ ತಿರುಪು ಬಿಗಿಯುತ್ತ ಹಾಡುತ್ತಿದ್ದ.

ಆ ತಿರುಪು ಬಿಗಿಯುವಾಗ ಯಾರ ದನಿ ಕೇಳುತ್ತದೋ, ಹಳೆಯ ಎಂಜಿನ್‌ಗಳು ತಾವು ಸಾಯುವ ತನಕ ಆ ದನಿಗೆ ಮಾತ್ರ ಏಳುತ್ತವೆ. ಅದಕ್ಕೇ ಆ ಹೊತ್ತಿಗೆ ಉಳಿದವರು ಹೊರಗೆ ಹೋಗುವುದು ವಾಡಿಕೆ. ತುಕ್ಕು ತಿಂದಿದ್ದ ಈ ಕೆಂಪು ಸ್ಪೋರ್ಟ್ಸ್ ಕಾರನ್ನು ಭಾನುವಾರ ಭಾನುವಾರ ಕೂತು ಜೋಡಿಸಿದವಳು ಹಿಲ್ಡಾ. ಅವನು ಸ್ಪ್ಯಾನರ್ ಕೊಡುತ್ತಿದ್ದ, ಅಷ್ಟೆ.

“ಏಳು, ಕೆಂಪೀ,” ಎಂದಳು. ಎಂಜಿನ್ ಮಿಸುಕಲಿಲ್ಲ.

“ಏಳೇ!” ಎಂದು ಮೆಲ್ವಿನ್ ಅಂದದ್ದೇ ತಡ, ಅದು ಗುರ್ರೆಂದಿತು.

“ಚಾ ಮಾಡು ಅಂತ ಒಳಗೆ ಕಳಿಸಿದ್ದು ಇದಕ್ಕಾ?”

“ಬೇಜಾರು ಮಾಡ್ಬೇಡ ಮಾರಾಯ್ತಿ. ಹಳೇ ಕಾರುಗಳ ರೇಸಿಗೆ ಡ್ರೈವರ್ ಅಂತ ನನ್ನ ಹೆಸರು ಕೊಟ್ಟಾಗಿದೆ. ಹತ್ತು, ಪಣಂಬೂರು ಬೀಚಿಗೊಂದು ರೌಂಡ್ ಹೋಗುವ.” ಅವನು ಪಕ್ಕದ ಸೀಟಿನ ಬಾಗಿಲು ತೆರೆದ.

“ಹತ್ತುದಿಲ್ಲ,” ಎಂದಳು ಹಿಲ್ಡಾ.