ರಾಮಾಂಜಿನಮ್ಮ ಹುಡುಕಿದ ಮೇಸ್ತ್ರಿ

ಮೊಳೆ ಸೊಟ್ಟಗಾಯಿತು.

ರಾಮಾಂಜಿನಮ್ಮ ಕಲ್ಲೆತ್ತಿ ಇನ್ನೊಮ್ಮೆ ಕುಟ್ಟಿದಳು. ಶಿರಾದ ಆ ಹೊಸ ಮನೆಯ ಗೋಡೆ ಜಪ್ಪಯ್ಯ ಅಂದರೂ ದಾರಿ ಬಿಡಲಿಲ್ಲ. ಜಜ್ಜಿದ್ದು ಅವಳ ಹೆಬ್ಬೆರಳೇ. ರಕ್ತ ಚಿಮ್ಮಿ ಗೋಡೆಗೆ ಹಾರಿತು. ಒಳಗಿನಿಂದ ಮನೆಯೊಡತಿ ಓಡಿ ಬಂದಳು.

"ಹುಚ್ಚೇನಮ್ಮಾ ನಿಂಗೆ? ಮೊನ್ನೆ ಮೊನ್ನೆ ಬಣ್ಣ ಹೊಡ್ಸಿರೋ ಗೋಡೆ!"

"ಬೇಜಾರ್ ಮಾಡ್ಕಬ್ಯಾಡ ತಾಯೀ. ಮನೆ ಕಟ್ಟಿಸ್ಬೇಕು. ಇದನ್ನ ಕಟ್ಟಿರೋ ಮೇಸ್ತ್ರಿ ಎಂಥೋನು ಅಂತ ನೋಡ್ತಿದ್ದೆ."

"ಬೈಲಪ್ಪನಾ? ಕಣ್ಮುಚ್ಕೊಂಡು ಕೆಲ್ಸ ಕೊಡು. ನೂರು ವರ್ಷ ಅಲ್ಲಾಡಲ್ಲ."

"ಹೂಂ, ಅದೇ ಕಾಣಿಸ್ತೈತೆ," ಎಂದು ಅವಳು ಬೆರಳು ಚೀಪುತ್ತ ಹೊರಬಂದಳು. ಬೈಲಪ್ಪನನ್ನು ಅಲ್ಲಿಗೇ ಕೈಬಿಟ್ಟಳು. ಅವನು ಬಾಗಿಲನ್ನು ದಕ್ಷಿಣಕ್ಕೆ ಇಟ್ಟಿದ್ದಾನೆ, ನಮಗೆ ಆಗಿಬರಲ್ಲ ಎಂದು ಬಸ್ಸಿನಲ್ಲಿ ಪಕ್ಕದವಳಿಗೆ ಕಾರಣವನ್ನೂ ಹೇಳಿದಳು. ಮುದುಕಿಯರ ತರ್ಕವನ್ನು ಕೆದಕಿ ಕೇಳುವವರು ಯಾರು?

ಬದನೆಕಾಯಿ ಕೊಳ್ಳುವಾಗ ಹುಳುಕು ನೋಡುವ ಜನ ಮೇಸ್ತ್ರಿಯನ್ನು ಮಾತ್ರ ಸುಮ್ಮನೆ ನಂಬುತ್ತಾರೆ. ವಳ್ಳೂರಿನ ರಾಮಾಂಜಿನಮ್ಮ ಆ ಪೈಕಿ ಅಲ್ಲ. ಹರೆಯದಲ್ಲಿ ಹತ್ತು ವರ್ಷ ಗಾರೆ ಹೊತ್ತವಳು. ಮರಳೆಷ್ಟು, ಸಿಮೆಂಟೆಷ್ಟು ಎಂದು ಮೊಳೆಯ ತುದಿಯಲ್ಲೇ ಹೇಳಬಲ್ಲಳು. ಹೊಲವನ್ನು ಸೋಲಾರ್‌ನವರಿಗೆ ಕೊಟ್ಟ ಮೇಲೆ ಮಧುಗಿರಿಯಲ್ಲಿ ಒಂದು ಸೈಟು ತೆಗೆದಿದ್ದಳು. ಈಗ ಅಲ್ಲಿ ಮನೆ ಏಳಲೇಬೇಕು. ನಾಲ್ಕು ವರ್ಷದ ಮೊಮ್ಮಗಳು ಲೋಹಿತಾ ಅವಳ ಮಡಿಲು ಸೇರಬೇಕಾದರೆ ಅದೊಂದೇ ದಾರಿ. ಅಳಿಯ ನವೀನ್ ಕುಮಾರ್ ಕಡ್ಡಿ ಮುರಿದಂತೆ ಹೇಳಿದ್ದ: "ಮೊದ್ಲು ಮನೆ. ಆಮ್ಯಾಕೆ ಮಗು."

ಮಗಳು ಸಹನಾ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಹಿತ್ತಿಲಿನ ಮಣ್ಣುಗೋಡೆ ಮೈಮೇಲೆ ಬಿತ್ತು ಎಂದು ಅಳಿಯನ ಮನೆಯಿಂದ ಫೋನು ಬಂದಿತ್ತು. ಇವಳು ಹೋಗಿ ಮುಟ್ಟುವಷ್ಟರಲ್ಲಿ ಹೆಂಟೆ ಸರಿಸಿ ಹೆಣವನ್ನು ಚಾಪೆಗೆ ಹಾಕಿದ್ದರು. ಸ್ನಾನ ಮಾಡಿಸಿದವಳು ಇವಳೇ. ಅಂದಿನಿಂದ ಗೋಡೆ, ಸೂರು, ಮೇಸ್ತ್ರಿ ಬಿಟ್ಟರೆ ಅವಳ ಬಾಯಲ್ಲಿ ಬೇರೆ ಮಾತಿಲ್ಲ. ಪಾಪ, ಹೆತ್ತ ಹೊಟ್ಟೆಯ ಸಂಕಟ, ಎಂದು ಊರವರು ಸುಮ್ಮನಾದರು.

ಶಿರಾ ಆಯಿತು, ಪಾವಗಡ ಆಯಿತು. ಕೊನೆಗೆ ಕೊರಟಗೆರೆಯ ಆಚೆ, ಸರೋಜಮ್ಮ ಎಂಬುವಳ ಮನೆ ಇದ್ದ ಜಾಗಕ್ಕೆ ಬಂದಳು. ಈಗ ಅಲ್ಲಿದ್ದದ್ದು ಅರ್ಧ ನಿಂತ ಒಂದು ಗೋಡೆ, ಕುಸಿದ ಮೋಲ್ಡು ತಾರಸಿಯ ಚೂರು, ಬಾಗಿದ ಕಂಬಿ, ಅದರಡಿ ಕಪ್ಪುಗಟ್ಟಿದ ಒಂದು ಹಾಸಿಗೆ.

"ನಮ್ಮೆಜಮಾನ್ರು ಮಧ್ಯಾನ ಉಂಡು ಮಲ್ಗಿದ್ರು," ಎಂದಳು ಸರೋಜಮ್ಮ. "ಧಡ್ ಅಂತು. ತಲೆ ಅನ್ನೋದೇ ಉಳೀಲಿಲ್ಲ ಕಣಮ್ಮ. ಸಲಿಕೇಲಿ ಬಾಚಿ ಚೀಲಕ್ಕೆ ತುಂಬಿದ್ರು."

ಇಬ್ಬರೂ ತಬ್ಬಿಕೊಂಡು ಅತ್ತರು. ರಾಮಾಂಜಿನಮ್ಮ ನಿಜವಾಗಿಯೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ಒಕ್ಕಲಾಗಿ ಎಷ್ಟು ದಿನಕ್ಕೆ ಬಿತ್ತು?"

"ಎರಡ್ನೇ ಮಳೆಗಾಲಕ್ಕೆ."

"ಎದ್ದು ಓಡಾಕಾಗ್ಲಿಲ್ವಾ?"

"ಎಲ್ಲಿ ಓಡೋದು? ಕಣ್ಣು ಬಿಡೋಕೂ ಟೈಮ್ ಸಿಗ್ಲಿಲ್ಲ."

"ಮೇಸ್ತ್ರಿ ಯಾರು?"

"ಗೌರೀಶ. ಹಿಂಗ್ಯಾಕಾಯ್ತು ಅಂತ ಕೇಳೋಕೆ ಹೋದ ನನ್ನ ತಮ್ಮನ ಹಲ್ಲು ಉದುರಿಸಿ ಕಳಿಸ್ದ. ಕೇಸೂ ನಿಲ್ಲಲಿಲ್ಲ. ಮಧುಗಿರೀಲಿ ಆರಾಮಾಗಿ ಕೆಲ್ಸ ಮಾಡ್ತಾವ್ನೆ. ಆ ಪಾಪಿ ಹತ್ರ ಮಾತ್ರ ಹೋಗ್ಬ್ಯಾಡ ಕಣಮ್ಮ, ನಿಂಗೆ ಕೈ ಮುಗೀತೀನಿ."

ಆ ಗೋಡೆಗೆ ರಾಮಾಂಜಿನಮ್ಮ ಹೊಸ ಮೊಳೆ ಒತ್ತಿದಳು. ಬೆಲ್ಲದ ಅಚ್ಚಿಗೆ ಇಳಿದಂತೆ ಇಳಿಯಿತು. ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಒಂದ್ಸಲ ಅವನ ಮುಖ ನೋಡ್ಬೇಕು," ಎಂದಳು.

ಮಾರನೆಯ ಬೆಳಿಗ್ಗೆ ಮಧುಗಿರಿಯಲ್ಲಿ ಅವನ ಮುಖ ಕಂಡಿತು. ಅಬ್ಬಾ, ಅದೇನು ಸಿಟ್ಟು! ಗಾರೆಯ ಬಾಂಡ್ಲಿ ಕೆಡವಿದ ಆಳೊಬ್ಬನ ಮೊಣಕಾಲಿಗೆ ಗೌರೀಶ ಕಂಬಿಯಿಂದ ಬಾರಿಸುತ್ತಿದ್ದ. ಆಳು ಬಿದ್ದ. ಕಾಲಿನ ರಕ್ತ ಗಾರೆಗೆ ಇಳಿಯಿತು.

"ಏನ್ಲಾ ನೋಡ್ತೀಯ? ಅದನ್ನೂ ಸೇರಿಸಿ ಕಲಸ್ಲಾ!" ಎಂದು ಪಕ್ಕದ ಆಳಿಗೆ ಗದರಿದ.

ರಾಮಾಂಜಿನಮ್ಮನ ಕೈ ಸೆರಗಿನ ಗಂಟು ಬಿಚ್ಚಿತು. ಮೊಳೆ ಮುಷ್ಟಿಗೆ ಬಂತು.

"ಕೊರಟಗೆರೆ ಸರೋಜಮ್ಮನ ಮನೆ ಕಟ್ಟಿದ್ದು ನೀನೇನಾ?"

ಗೌರೀಶ ಕಂಬಿ ಬಿಸಾಕಿದ. ಎರಡೇ ಹೆಜ್ಜೆಗೆ ಬಂದು ಒಂದೇ ಕೈಯಲ್ಲಿ ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ.

"ಯಾರೇ ಕಳ್ಸಿದ್ದು ನಿನ್ನ? ಇದೇ ಪಾಯದಾಗೆ ಹೂತ್ಬುಡ್ತೀನಿ!"

ಉಸಿರು ಕಟ್ಟಿತು. ಕಣ್ಣಿಗೆ ಕತ್ತಲೆ ಬಂತು. ಆ ಕತ್ತಲೆಯಲ್ಲಿ ಸಹನಾ ಕಂಡಳು. ಅವನ ಗಂಟಲಿನ ನರ ಗೇಣಿನ ದೂರದಲ್ಲಿ ಉಬ್ಬಿ ನಿಂತಿತ್ತು. ರಾಮಾಂಜಿನಮ್ಮ ಇದ್ದ ಬದ್ದ ಶಕ್ತಿಯನ್ನೆಲ್ಲ ಸೇರಿಸಿ ಮೊಳೆ ಎತ್ತಿ ಚುಚ್ಚಿದಳು.

ಗೋಡೆಗೆ. ಕಟ್ಟಿ ಮೂರು ತಿಂಗಳಾದ ಗೋಡೆ. ಕಲ್ಲಿಲ್ಲ, ಸುತ್ತಿಗೆಯಿಲ್ಲ, ಮೊಳೆ ತಲೆಯವರೆಗೂ ಒಳಗೆ ಹೋಯಿತು.

ಗೌರೀಶ ಬೆಚ್ಚಿ ಕೈ ಬಿಟ್ಟ. ಅವಳು ಕೆಮ್ಮುತ್ತ ಕೆಮ್ಮುತ್ತ ನಕ್ಕಳು.

"ನಿನ್ ಕೆಲ್ಸ ನಂಗೆ ಹಿಡಿಸ್ತು ಕಣಪ್ಪ. ಮೂರು ತಾಲೂಕು ತಿರುಗ್ದೆ, ನಿನ್ನಂಥೋನು ಸಿಗ್ಲಿಲ್ಲ. ಇದೇ ಊರಾಗೆ ನಂದೊಂದು ಸೈಟೈತೆ. ಮನೆ ಕಟ್ಕೊಡು. ಮಲಗೋ ಕ್ವಾಣೆ ಮೋಲ್ಡು ಮಾತ್ರ ಸರೋಜಮ್ಮನ ಮನೇದು ಇದ್ದಂಗೇ ಇರ್ಬೇಕು."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಆ ಮನೇಲಿ... ಯಾರಮ್ಮ ಇರೋದು?"

"ನನ್ನ ಅಳಿಯ. ಒಬ್ಬನೇ. ಅವನ ಹೆಸರಿಗೆ ಮನೆ ಮಾಡ್ಕೊಟ್ರೆ ಮಗೂನ ನಂಗೆ ಬರ್ಕೊಡ್ತಾನಂತೆ."

ಕತ್ತಿನ ಮೇಲೆ ಮೂಡಿದ್ದ ಬೆರಳಿನ ಕೆಂಪು ಗುರುತುಗಳನ್ನು ಅವಳು ಒಂದೊಂದಾಗಿ ಸವರಿಕೊಂಡಳು. ಐದು. ಸಹನಾಗೆ ಸ್ನಾನ ಮಾಡಿಸುವಾಗ ಅವಳ ಕತ್ತಿನ ಮೇಲೂ ಅಷ್ಟೇ ಎಣಿಸಿದ್ದಳು.