ಬೆನಕಪ್ಪನವರ ಮನೆಗೆ ಕೊಡಿ

"ಕಸ್ತೂರಮ್ಮಾ, ನಮ್ಮ ಮನೆ ಫೋನು ಕೆಟ್ಟೈತೆ. ಮನೆಗೆ ಬರೋ ಫೋನನ್ನೆಲ್ಲಾ ನಾಳೆ ತನಕ ಅಂಗಡಿಗೇ ಕೊಟ್ಬಿಡಮ್ಮಾ."

ಬೆನಕಪ್ಪನವರ ಗೊಬ್ಬರದ ಅಂಗಡಿಯ ಲೈನಿನಲ್ಲಿ ಅವರದೇ ದನಿ. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಕಸ್ತೂರಮ್ಮ "ಆಗ್ಲಿ ಬಿಡ್ರಿ" ಎಂದಳು. ಯಾಕೆ, ಏನು ಎಂದು ಕೇಳಲಿಲ್ಲ.

ಹೊನ್ನಾಳಿಯಾಚೆಯ ಆ ಸಣ್ಣ ಪೇಟೆಯಲ್ಲಿ ನಂಬರು ಹೇಳಿ ಫೋನ್ ಕೇಳಿದವರೇ ಇಲ್ಲ. ಇಲಾಖೆಯವರು ಕೊಟ್ಟ ಡೈರೆಕ್ಟರಿ ಎಲ್ಲರ ಮನೆಯಲ್ಲೂ ರೇಡಿಯೋದ ಕೆಳಗೆ ಎತ್ತರಕ್ಕೆಂದು ಕೂತಿತ್ತು. "ಡಾಕ್ಟರಿಗೆ ಕೊಡಿ", "ರೈಸ್ ಮಿಲ್ಲಿಗೆ ಕೊಡಿ" ಎಂದರೆ ಸಾಕು, ಯಾವ ಹೆಸರಿಗೆ ಬೋರ್ಡಿನ ಯಾವ ತೂತಿಗೆ ವೈರು ಚುಚ್ಚಬೇಕು ಎಂಬುದು ಕಸ್ತೂರಮ್ಮನ ಬೆರಳಿಗೇ ಗೊತ್ತು. ಬೀಗರ ಮನೆಗೆ ಊಟಕ್ಕೆ ಹೋಗುವವರು "ನಮಗೆ ಬಂದ್ರೆ ಅಲ್ಲಿಗೇ ಕೊಡಿ" ಎಂದು ಹೇಳಿ ಹೋಗುತ್ತಿದ್ದರು. ದನಿಯ ಗುರುತು ಹತ್ತಿದರೆ ಅವಳು ಹಾಗೇ ಮಾಡುತ್ತಿದ್ದಳು. ಪರಿಚಯದ ದನಿಯನ್ನು ಅನುಮಾನಿಸುವುದು ಅಲ್ಲಿ ಮರ್ಯಾದೆಗೇಡಿನ ಕೆಲಸ. ಇಷ್ಟು ನಂಬಿಕೆ ಇರುವ ಕಡೆ ಮೋಸ ಮಾಡುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಕಾಗುವುದಿಲ್ಲ.

ಮರುದಿನ ಮಧ್ಯಾಹ್ನ ಜಗಳೂರಿನಿಂದ ಟ್ರಂಕ್ ಕಾಲ್ ಬಂತು. ಹೆಣ್ಣು ದನಿ. "ಬೆನಕಪ್ಪನವರ ಮನೆಗೆ ಕೊಡಿ." ಕಸ್ತೂರಮ್ಮ ಅಂಗಡಿಗೆ ಕೊಟ್ಟಳು. ದೂರದ ಲೈನು, ನಡುವೆ ಕಡಿದುಹೋದೀತೆಂದು ಕಿವಿಗೊಟ್ಟೇ ಇದ್ದಳು.

"ಅಪ್ಪಾಜೀ, ನಾನು ಗಂಗಾ. ಇನ್ನು ನನ್ ಕೈಲಿ ಆಗಲ್ಲ ಅಪ್ಪಾಜಿ. ನಿನ್ನೆನೂ ಹೊಡೆದ್ರು. ಇಲ್ಲೇ ಇದ್ರೆ ನಾನು ಉಳಿಯಾಕಿಲ್ಲ. ಬಾ ಅನ್ರಿ ಸಾಕು, ಈಗ್ಲೇ ಬಸ್ಸು ಹತ್ತಿ ಬಂದ್ಬಿಡ್ತೀನಿ."

ಬೆನಕಪ್ಪನವರ ದನಿ ಹೇಳಿತು: "ಬರಬ್ಯಾಡವ್ವಾ. ಹೊಂದಿಕೊಂಡು ಇರು. ಬಿಟ್ಟು ಬಂದು ನನ್ನ ಮಾನ ಕಳೀಬ್ಯಾಡ."

"ನೀವೂ ಹಿಂಗಂದ್ರೆ ನಾನು ಎಲ್ಲಿಗೆ ಹೋಗ್ಲಿ?" ಎಂದಿತು ಹೆಣ್ಣು ದನಿ. ಅಂಗಡಿಯಲ್ಲಿ ಫೋನ್ ಇಟ್ಟ ಸದ್ದಾಯಿತು.

ಇಂಥವನನ್ನು ಇಷ್ಟು ದಿನ ದೊಡ್ಡ ಮನುಷ್ಯ ಅಂದುಕೊಂಡಿದ್ದೆನಲ್ಲ ಎಂದು ಕಸ್ತೂರಮ್ಮ ಮನಸ್ಸಿನಲ್ಲೇ ಬೈದಳು. ಆ ಸಿಟ್ಟಿನಲ್ಲಿ ಅವಳಿಗೆ ಕಾಫಿಯೂ ಸೇರಲಿಲ್ಲ.

ಸಂಜೆ ಬೋರ್ಡಿನಲ್ಲಿ, ಯಾರೋ ಫೋನ್ ಎತ್ತಿದ ಗುರುತಿಗೆ, ಒಂದು ಮುಚ್ಚಳ ಟಕ್ಕನೆ ಬಿತ್ತು. ನೋಡಿದರೆ, ಕೆಟ್ಟಿದೆ ಎಂದಿದ್ದ ಬೆನಕಪ್ಪನವರ ಮನೆಯ ಲೈನು.

"ತಾಯೀ, ನಮ್ಮ ಫೋನು ಸರಿ ಐತೋ ಇಲ್ವೋ? ಬೆಳಗಿಂದ ರಿಂಗೇ ಆಗಿಲ್ಲ. ಜಗಳೂರಿಂದ ಮಗಳು ಮಾತಾಡ್ತೀನಿ ಅಂತ ಹೇಳಿ ಕಳಿಸಿದ್ಲು, ಅದಕ್ಕೇ ಇದರ ಮುಂದೇನೇ ಕೂತೀನಿ."

ಅದೇ ದನಿ. ಕಸ್ತೂರಮ್ಮ ಕೇಳಿದಳು: "ಯಾರ್ರೀ ಮಾತಾಡ್ತಿರೋದು?"

"ಯಾರಮ್ಮಾ ಅಂದ್ರೆ? ನಾನು, ಬೆನಕಪ್ಪ."

"ಅಂಗಡಿಗೆ ಕೊಡು ಅಂತ ನೀವೇ ಹೇಳಿದ್ರಲ್ರೀ! ಮಧ್ಯಾಹ್ನ ಮಗಳ ಹತ್ರ ಮಾತಾಡಿದ್ದೂ ನೀವೇ. ಬರಬ್ಯಾಡ ಅಂದ್ರಿ."

"ನಾನೆಲ್ಲಿ ಅಂದೆ? ಅಂಗಡೀಲಿ ಕೂರೋನು ನನ್ನ ಮಗ ಕಲ್ಲೇಶಿ..." ಬೆನಕಪ್ಪ ಅಷ್ಟಕ್ಕೇ ನಿಂತರು. ಮತ್ತೆ ಮಾತಾಡಿದಾಗ ದನಿ ಇಳಿದುಹೋಗಿತ್ತು. "ನಂದೂ ಅವಂದೂ ದನಿ ಒಂದೇ ಅಮ್ಮಾ. ಅವನ ಹೆಂಡ್ತಿನೂ ಗಂಗಾನ ಕೊಟ್ಟ ಜಗಳೂರಿನ ಮನೆಯವಳೇ, ಕೊಟ್ಟು ತಂದ ಸಂಬಂಧ. ಗಂಗಾ ಗಂಡನ್ನ ಬಿಟ್ಟು ಬಂದ್ರೆ ಅವರು ನಮ್ಮ ಸೊಸೇನ ವಾಪಸ್ ಕರ್ಕೊಂಡು ಹೋಗ್ತಾರೆ. ಬಸುರಿ ಬೇರೆ. ಆ ಹೆದರಿಕೆಗೆ ನನ್ನ ಮಗನೇ ಹಿಂಗೆ ಮಾಡ್ಯಾನೆ."

ಕಸ್ತೂರಮ್ಮ ಮುಂದಿನದನ್ನು ಕೇಳುತ್ತ ಕೂರಲಿಲ್ಲ. ದಾವಣಗೆರೆ ಎಕ್ಸ್‌ಚೇಂಜಿನವರಿಗೆ ಗಂಟಲು ಹರಿಯುವಂತೆ ಕೂಗಿ, ಮಧ್ಯಾಹ್ನದ ಕರೆ ಬಂದಿದ್ದ, ಗಂಗಾಳ ಅತ್ತೆಮನೆಯ ಪಕ್ಕದ ನಾಗರಾಜಪ್ಪನ ದಿನಸಿ ಅಂಗಡಿಗೆ ಅರ್ಜೆಂಟ್ ಕಾಲ್ ಹಾಕಿಸಿದಳು. ನಾಗರಾಜಪ್ಪ ಹೋಗಿ ಗಂಗಾಳನ್ನು ಕರೆತಂದ.

"ಗಂಗವ್ವಾ, ನಾನು ಅಪ್ಪಾಜಿ. ಮಧ್ಯಾಹ್ನ ಮಾತಾಡಿದ್ದು ನಾನಲ್ಲ ಕಣವ್ವಾ. ಹೊರಟು ಬಾ. ಉಟ್ಟ ಸೀರೇಲೇ ಬಾ. ನಾನು ಇದೀನಿ."

ಅವಳು ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದಳು:

"ಅಣ್ಣಾ, ನನ್ನ ಕರೆಸ್ಕೊಳ್ಳಾಕೆ ಅಪ್ಪಾಜಿ ದನಿ ಮಾಡ್ತಿದೀಯ. ಅಷ್ಟಾದ್ರೂ ನನ್ ಮ್ಯಾಲೆ ಮನಸ್ಸೈತಲ್ಲ ನಿಂಗೆ. ಬ್ಯಾಡ ಬಿಡು, ಅಪ್ಪಾಜಿ ಹೇಳೋದು ಹೇಳ್ಯಾಗೈತೆ. ಬಸುರಿ ಹೆಂಡ್ತಿನ ಚೆನ್ನಾಗಿ ನೋಡ್ಕೋ."

"ಗಂಗಾ! ನಾನೇ ಕಣವ್ವಾ, ನಾನೇ!"

ಜಗಳೂರಿನ ಲೈನು ಸತ್ತಿತ್ತು. ಕಸ್ತೂರಮ್ಮ ಅಳುತ್ತಲೇ ಮತ್ತೆ ಹಾಕಿಸಿದಳು. ಬಹಳ ಹೊತ್ತಿನ ಮೇಲೆ ನಾಗರಾಜಪ್ಪ ಸಿಕ್ಕ.

"ಆಯಮ್ಮ ಆಗ್ಲೇ ಒಳಗೋದ್ಲು. ಬಾಗಿಲು ಹಾಕ್ಕೊಂಡ್ರು. ಪರವಾಗಿಲ್ಲ, ನಾನೇ ಹೋಗಿ ಹೇಳ್ತೀನಿ. ಯಾರು ಕರೆದ್ರು ಅಂತ ಹೇಳ್ಲಿ?"

"ಅಪ್ಪ ಅಂದ್ರೆ ಅಣ್ಣ ಅಂದ್ಕೋತಾಳಲ್ಲಪ್ಪಾ..." ಎಂದಿತು ಮನೆಯ ಲೈನಿನಲ್ಲಿ ಬೆನಕಪ್ಪನವರ ದನಿ.

"ಹಲೋ, ಯಾರು ಅಂತ ಹೇಳ್ಲಿ?" ನಾಗರಾಜಪ್ಪ ಮತ್ತೆ ಕೇಳಿದ.