ಆಲಿಕೆಯ ಪಾಠ

ಪ್ರಯೋಗಾಲಯದ ಅಟೆಂಡರ್ ಚಿಕ್ಕತಾಯಮ್ಮ ಬಾಯಿ ತೆರೆದರೆ ಸಾಕು, ಪ್ರೊಫೆಸರರಿಗೆ ಮೈಯೆಲ್ಲ ಉರಿ. ಇಪ್ಪತ್ತು ವರ್ಷ ಎಣ್ಣೆ-ನೀರು ಬೇರ್ಪಡಿಸುವ, ಕೆಳಗೆ ನಲ್ಲಿಯಿರುವ ಗಾಜಿನ ಆಲಿಕೆಗಳಲ್ಲಿ ಒಂದನ್ನೂ ಒಡೆಯದೆ ತೊಳೆದು, ಒಂದರ ಮುಚ್ಚಳ ಇನ್ನೊಂದಕ್ಕೆ ಹೋಗದಂತೆ ದಾರ ಕಟ್ಟಿಟ್ಟವಳಾದರೇನು, ಓದಿದವಳೇ?

ಅಂದು ವಿಭಾಗದ ಮುಖ್ಯಸ್ಥನ ಕುರ್ಚಿಗೆ ಸಂದರ್ಶನ. ಆಯ್ಕೆ ಸಮಿತಿಯ ಮುಂದೆ ಮಾದರಿ ಪಾಠ. ಪ್ರೊಫೆಸರರು ಆಲಿಕೆಗೆ ಎಣ್ಣೆ, ನೀರು ಸುರಿದು, ಅದರ ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿ ಕುಲುಕಿ, ಸ್ಟ್ಯಾಂಡಿಗೆ ಸಿಕ್ಕಿಸಿದರು. ನೀರು ತಳಕ್ಕಿಳಿಯಿತು. ಅದನ್ನು ಹೊರಬಿಡಲು ಕೆಳಗಿನ ನಲ್ಲಿಗೆ ಕೈ ಹಾಕಿದರು.

“ಸಾ, ಮ್ಯಾಲೆ ವಸಿ...” ಎಂದಳು ಪಕ್ಕದಲ್ಲಿ ನಿಂತಿದ್ದ ಚಿಕ್ಕತಾಯಮ್ಮ.

“ಸಾ, ವಸೀ!” ಪ್ರೊಫೆಸರರು ಮೂಗಿನಲ್ಲೇ ಅವಳ ದನಿ ತೆಗೆದು ಅಣಕಿಸಿದರು. “ತೊಳೆಯೋಳು ತೊಳೀಬೇಕು, ನಂಗೇ ಪಾಠ ಹೇಳಬಾರದು. ಬಾಯಿ ಮುಚ್ಚು!”

ಸಮಿತಿ ಗೊಳ್ಳೆಂದು ನಕ್ಕಿತು.

ನಲ್ಲಿ ತಿರುಗಿಸಿದರು. ನಾಲ್ಕು ಹನಿ ಬಿದ್ದು ನಿಂತಿತು. ಪೂರ್ತಿ ತಿರುಗಿಸಿದರು, ಬೆರಳಲ್ಲಿ ತಟ್ಟಿದರು. ಊಹ್ಞೂಂ.

“ಏನ್ರೀ ಪ್ರೊಫೆಸರೇ, ಇಳೀತಾನೇ ಇಲ್ವಲ್ಲ?” ಎಂದರು ಅಧ್ಯಕ್ಷರು.

ಇಳಿಯುತ್ತಿದ್ದದ್ದು ಪ್ರೊಫೆಸರರ ಬೆವರು ಮಾತ್ರ. ಚಿಕ್ಕತಾಯಮ್ಮನ ಕಡೆ ತಿರುಗಿ ರೇಗಿದರು: “ಏನಾಗಿದೆ ಇದಕ್ಕೆ? ಏನು ಮಾಡಿದೆ ನೀನು?”

“ಬಾಯಿ ಮುಚ್ಚಿದೆ, ಸಾ.”